ಸಾಂತಾ ತಾತನ ಗಿಫ್ಟಿಗೆ ದುಡ್ಡು ಕೊಡುವವರು ಯಾರು? ಮುಯ್ಯಿ ಪುಸ್ತಕ ಇಟ್ಟುಕೊಂಡು ಒಂದು ಲೆಕ್ಕ

ಡಿಸೆಂಬರ್ ಎರಡನೇ ವಾರ ಬಂತೆಂದರೆ ದಾವಣಗೆರೆಯ ಎಸ್.ಎಸ್. ಬಡಾವಣೆಯಂಥ ಕಡೆ ಬೇಕರಿ, ಫ್ಯಾನ್ಸಿ ಸ್ಟೋರ್‌ಗಳ ಮುಂದೆ ಕೆಂಪು ಟೋಪಿ, ಹತ್ತಿಯ ಗಡ್ಡ, ಮಿಣಮಿಣ ಮಿನುಗುವ ನಕ್ಷತ್ರಗಳು ತೂಗಾಡತೊಡಗುತ್ತವೆ. ಅದೇ ಹೊತ್ತಿಗೆ ಪೋಷಕರ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಮೆಸೇಜು ಬಂದು ಬೀಳುತ್ತೆ: ಶಾಲೆಯಲ್ಲಿ ಕ್ರಿಸ್‌ಮಸ್ ಆಚರಣೆ ಇದೆ, ಮಕ್ಕಳು ಕೆಂಪು-ಬಿಳಿ ಬಟ್ಟೆಯಲ್ಲಿ ಬರಬೇಕು, ಇಷ್ಟು ರೂಪಾಯಿಯೊಳಗಿನ ಒಂದು ಗಿಫ್ಟ್ ಪ್ಯಾಕ್ ಮಾಡಿಸಿ ತರಬೇಕು. ಕೆಳಗೆ ಒಂದರ ಹಿಂದೊಂದು ಹೆಬ್ಬೆರಳು ಗುರುತು. 'ಕೊಡ್ಲೇಬೇಕಾ?' ಅಂತ ಕೇಳುವ ಧೈರ್ಯ ಯಾರಿಗೂ ಇರೋದಿಲ್ಲ. ಕೇಳಿದರೆ ಬಡವರು ಅಂದುಕೊಳ್ಳುತ್ತಾರೆ ಅನ್ನುವ ಅಳುಕು ಒಂದು ಕಡೆ, ಜಿಪುಣರು ಅಂದುಕೊಳ್ಳುತ್ತಾರೆ ಅನ್ನುವ ಸಂಕೋಚ ಇನ್ನೊಂದು ಕಡೆ.

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರ ಪ್ರಮಾಣ ಶೇ 1.87. ಅಂದರೆ ಹೀಗೆ ಗಿಫ್ಟ್ ಕೊಳ್ಳುವ ಮನೆಗಳಲ್ಲಿ ಹೆಚ್ಚಿನವು ಕ್ರಿಸ್‌ಮಸ್ ಆಚರಿಸುವ ಮನೆಗಳೇ ಅಲ್ಲ. ಹಬ್ಬ ಇನ್ನೂ ಬಾಗಿಲ ಹೊರಗೇ ಇದೆ, ಅದರ ಬಿಲ್ಲು ಮಾತ್ರ ಮನೆಯೊಳಗೆ ಬಂದಿದೆ. ಇದು ಹೇಗಾಯ್ತು, ಉಡುಗೊರೆ ಈ ಹಬ್ಬಕ್ಕೆ ಯಾವಾಗ ಅಂಟಿಕೊಂಡಿತು, ಅದರ ಖರ್ಚು ಕೊನೆಗೆ ಯಾರ ಜೇಬಿನಿಂದ ಹೋಗುತ್ತೆ ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ. ಮೊದಲೇ ಒಂದು ಮಾತು: ಶಾಲೆಗಳಲ್ಲಿ ಸಾಂತಾ ವೇಷ ಹಾಕಿಸುವುದಕ್ಕೆ ಧರ್ಮದ ಹೆಸರಲ್ಲಿ ತಕರಾರು ತೆಗೆಯುವವರು ಬೇರೆ ಇದ್ದಾರೆ. ಈ ಲೇಖನದ ತಕರಾರು ಧರ್ಮದ್ದಲ್ಲ, ಜೇಬಿನದ್ದು.

ಸೀಕ್ರೆಟ್ ಸಾಂತಾ ಎಂದರೇನು?

ಇದರ ವ್ಯವಸ್ಥೆ ಸರಳ. ತರಗತಿಯಲ್ಲೋ ಆಫೀಸಿನಲ್ಲೋ ಎಲ್ಲರ ಹೆಸರನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಾರೆ. ಒಬ್ಬೊಬ್ಬರು ಒಂದೊಂದು ಚೀಟಿ ಎತ್ತಬೇಕು. ಯಾರ ಹೆಸರು ಬಂತೋ ಅವರಿಗೆ ಗುಟ್ಟಾಗಿ ಗಿಫ್ಟ್ ತಂದಿಡಬೇಕು. ಎಲ್ಲರೂ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಂದ ಪಡೆಯುತ್ತಾರೆ. ಅತಿರೇಕ ಆಗಬಾರದೆಂದು ಒಂದು ಮಿತಿ ಹಾಕಿರುತ್ತಾರೆ: 100 ರೂಪಾಯಿ, 200 ರೂಪಾಯಿ, ಆಫೀಸಾದರೆ 500.

ಇದನ್ನು ಶುರು ಮಾಡಿದವರ ಉದ್ದೇಶ ಖರ್ಚು ಇಳಿಸುವುದೇ. ಇಪ್ಪತ್ತು ಜನಕ್ಕೆ ಇಪ್ಪತ್ತು ಗಿಫ್ಟ್ ಕೊಡುವ ಬದಲು ಒಬ್ಬರಿಗೆ ಒಂದು ಕೊಟ್ಟರೆ ಸಾಕಲ್ಲ ಎಂಬ ಲೆಕ್ಕ. ಕ್ರಿಸ್‌ಮಸ್‌ಗೆ ಎಲ್ಲರೂ ಎಲ್ಲರಿಗೂ ಕೊಡುವ ದೇಶಗಳಲ್ಲಿ ಅದು ನಿಜಕ್ಕೂ ಉಳಿತಾಯ. ನಮ್ಮಲ್ಲಿ ಮೊದಲು ಆ ಇಪ್ಪತ್ತು ಗಿಫ್ಟೂ ಇರಲಿಲ್ಲ. ಹಾಗಾಗಿ ಅಲ್ಲಿ ಖರ್ಚು ಕಡಿಮೆ ಮಾಡಲು ಬಂದ ಉಪಾಯ ಇಲ್ಲಿ ಹೊಸ ಖರ್ಚಾಗಿ ಇಳಿಯಿತು. ಮಿತಿ ಅಂತ ಹೇಳಿದ 200 ರೂಪಾಯಿ ಇಲ್ಲಿ ಕನಿಷ್ಠ ದರವಾಗಿ ಬಿಡುತ್ತೆ. 200ರೊಳಗೆ ಅಂದರೆ 60 ರೂಪಾಯಿಯ ಪೆನ್ಸಿಲ್ ಬಾಕ್ಸ್ ಕೊಡಬಹುದು ಅಂತ ಯಾವ ಅಮ್ಮನೂ ಅರ್ಥ ಮಾಡಿಕೊಳ್ಳುವುದಿಲ್ಲ.

ಹಬ್ಬಕ್ಕೆ ಉಡುಗೊರೆ ಅಂಟಿಕೊಂಡದ್ದು ಯಾವಾಗ?

ಬೈಬಲ್‌ನಲ್ಲಿ ಉಡುಗೊರೆಯ ಪ್ರಸಂಗ ಇದೆ. ಮತ್ತಾಯನ ಸುವಾರ್ತೆಯಲ್ಲಿ ಮೂಡಣ ದೇಶದ ಜ್ಞಾನಿಗಳು ಹಸುಗೂಸಿಗೆ ಚಿನ್ನ, ಧೂಪ, ರಕ್ತಬೋಳ ಅರ್ಪಿಸುತ್ತಾರೆ. ಅವರು ಪ್ರತಿಯಾಗಿ ಏನನ್ನೂ ಪಡೆಯಲಿಲ್ಲ, ಒಬ್ಬರಿಗೊಬ್ಬರು ಏನನ್ನೂ ಕೊಟ್ಟುಕೊಳ್ಳಲಿಲ್ಲ.

ಸಾಂತಾ ಕ್ಲಾಸ್‌ನ ಮೂಲ ಇನ್ನೊಂದು. ಇವತ್ತಿನ ಟರ್ಕಿಯಲ್ಲಿರುವ ಮೈರಾ ಎಂಬ ಊರಿನಲ್ಲಿ 4ನೇ ಶತಮಾನದಲ್ಲಿ ನಿಕೋಲಸ್ ಎಂಬ ಬಿಷಪ್ ಇದ್ದ. ಅವನ ಬಗ್ಗೆ ಇರುವ ಐತಿಹ್ಯ ಹೀಗಿದೆ: ಒಬ್ಬ ಬಡವನಿಗೆ ಮೂವರು ಹೆಣ್ಣುಮಕ್ಕಳು. ವರದಕ್ಷಿಣೆಗೆ ದುಡ್ಡಿಲ್ಲದೆ ಮದುವೆ ನಿಂತಿದೆ, ಮಕ್ಕಳನ್ನು ಮಾರುವ ಸ್ಥಿತಿ ಬಂದಿದೆ. ನಿಕೋಲಸ್ ರಾತ್ರಿ ಹೊತ್ತು ಯಾರಿಗೂ ಕಾಣದಂತೆ ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋಗುತ್ತಾನೆ. ಕೊಟ್ಟದ್ದು ಯಾರೆಂದು ಗೊತ್ತಾದರೆ ಪಡೆದವರು ತಲೆ ತಗ್ಗಿಸಬೇಕಾಗುತ್ತೆ, ಅದಕ್ಕೇ ಗುಟ್ಟು. 'ಸೀಕ್ರೆಟ್' ಎಂಬ ಮಾತಿನ ಅಸಲಿ ಅರ್ಥ ಇದು. ಇದ್ದವನು ಇಲ್ಲದವರಿಗೆ, ವಾಪಸ್ ಬರುವ ಆಸೆ ಇಲ್ಲದೆ ಕೊಟ್ಟ ಗಂಟು. ಇವತ್ತಿನ ಚೀಟಿ ಎತ್ತುವ ಆಟದಲ್ಲಿ ಗುಟ್ಟು ಮಾತ್ರ ಉಳಿದಿದೆ.

ನಡುವಿನ ಕಾಲದಲ್ಲಿ ಯೂರೋಪಿನಲ್ಲಿ ಡಿಸೆಂಬರ್ 6ರ ಸಂತ ನಿಕೋಲಸ್ ದಿನದಂದು ಮಕ್ಕಳಿಗೆ ತಿಂಡಿ, ಸಣ್ಣಪುಟ್ಟ ಸಾಮಾನು ಕೊಡುವ ಪದ್ಧತಿ ಬೆಳೆಯಿತು. ಎಲ್ಲ ಕ್ರೈಸ್ತರೂ ಈ ಹಬ್ಬವನ್ನು ಒಪ್ಪಿದ್ದರು ಅಂತಲೂ ಇಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪ್ಯೂರಿಟನ್ ಪಂಥದವರು 1659ರಲ್ಲಿ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ಅಂತ ಕಾನೂನು ಮಾಡಿದ್ದರು. ಅದು ರದ್ದಾದದ್ದು 1681ರಲ್ಲಿ.

ಮನೆ ಮಂದಿಯ ಹಬ್ಬ, ಮಕ್ಕಳ ಹಬ್ಬ, ಅಂಗಡಿಯ ಹಬ್ಬ ಆಗಿ ಕ್ರಿಸ್‌ಮಸ್ ಬದಲಾದದ್ದು 19ನೇ ಶತಮಾನದಲ್ಲಿ. 1823ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಕವಿಯ ಹೆಸರಿಲ್ಲದೆ ಅಚ್ಚಾದ ಪದ್ಯವೊಂದು ಜಾರುಬಂಡಿ, ಹಿಮಸಾರಂಗ, ಚಿಮಣಿಯಿಂದ ಇಳಿಯುವ ತಾತನ ಚಿತ್ರವನ್ನು ಮನೆಮನೆಗೆ ತಲುಪಿಸಿತು. 1843ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ವ್ಯಾಪಾರಿ ಕ್ರಿಸ್‌ಮಸ್ ಕಾರ್ಡ್ ಬಂತು. 1863ರಿಂದ ಥಾಮಸ್ ನ್ಯಾಸ್ಟ್ ಎಂಬ ವ್ಯಂಗ್ಯಚಿತ್ರಕಾರ ಸಾಂತಾನಿಗೆ ಡೊಳ್ಳು ಹೊಟ್ಟೆ, ಗಡ್ಡ ಕೊಟ್ಟ. 1867ರಲ್ಲಿ ನ್ಯೂಯಾರ್ಕಿನ ಮೇಸೀಸ್ ಅಂಗಡಿ ಹಬ್ಬದ ಹಿಂದಿನ ರಾತ್ರಿ ಹನ್ನೆರಡರವರೆಗೂ ಬಾಗಿಲು ತೆರೆದಿಟ್ಟಿತು. ಕೆಂಪು ಬಟ್ಟೆಯ ಸಾಂತಾ ಕೋಕಾ-ಕೋಲಾ ಕಂಪನಿಯ ಸೃಷ್ಟಿ ಅಂತ ನಮ್ಮಲ್ಲೂ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಕೆಂಪು ಬಟ್ಟೆ ಮೊದಲೇ ಇತ್ತು, 1931ರಿಂದ ಬಂದ ಅವರ ಜಾಹೀರಾತು ಅದನ್ನು ಜಗತ್ತಿಗೆಲ್ಲ ಹಂಚಿತು ಅಷ್ಟೇ.

1939 ಈ ಕತೆಯಲ್ಲಿ ನೆನಪಿಡಬೇಕಾದ ವರ್ಷ. ಕೆಂಪು ಮೂಗಿನ ಸಾರಂಗ ರುಡಾಲ್ಫ್‌ನನ್ನು ಆ ವರ್ಷ ಹುಟ್ಟಿಸಿದ್ದು ಮಾಂಟ್‌ಗೊಮರಿ ವಾರ್ಡ್ ಎಂಬ ಅಂಗಡಿ ಕಂಪನಿ, ಗಿರಾಕಿಗಳ ಮಕ್ಕಳಿಗೆ ಹಂಚುವ ಪುಸ್ತಕಕ್ಕಾಗಿ. ಅದೇ ವರ್ಷ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್, ಕ್ರಿಸ್‌ಮಸ್ ಖರೀದಿಗೆ ಜನರಿಗೆ ಇನ್ನಷ್ಟು ದಿನ ಸಿಗಲಿ ಎಂಬ ವ್ಯಾಪಾರಿಗಳ ಬೇಡಿಕೆಗೆ ಒಪ್ಪಿ, ಅದಕ್ಕೂ ಮುಂಚೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬವನ್ನೇ ಒಂದು ವಾರ ಹಿಂದಕ್ಕೆ ತಂದರು. ಅಂಗಡಿಯವರಿಗಾಗಿ ಪಂಚಾಂಗ ಬದಲಾಯಿತು. ಇಂಥ ವ್ಯವಸ್ಥೆ ಎಸ್.ಎಸ್. ಬಡಾವಣೆಗೆ ಬರುವ ಹೊತ್ತಿಗೆ ಅದರ ಹಿಂದೆ ನೂರೈವತ್ತು ವರ್ಷಗಳ ಮಾರಾಟದ ಅನುಭವ ಇದೆ.

ಮೊದಲು ತಕರಾರು ತೆಗೆದವರು ದುಡಿಯುವ ಹೆಣ್ಣುಮಕ್ಕಳು

ಗಿಫ್ಟ್ ವ್ಯಾಪಾರದ ವಿರುದ್ಧ ದನಿ ಎತ್ತುವವರು ಸಾಮಾನ್ಯವಾಗಿ ಪಾದ್ರಿಗಳು, ಪ್ರೊಫೆಸರುಗಳು ಅಂದುಕೊಳ್ಳುತ್ತೇವೆ. 1912ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ 'ನಿರುಪಯೋಗಿ ಉಡುಗೊರೆ ತಡೆ ಸಂಘ' ಹಾಗಲ್ಲ. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಅದರ ಸದಸ್ಯರನ್ನು 'ಸ್ಪಗ್' ಅಂತ ಕರೆಯುತ್ತಿದ್ದರು. ಮುಂದಾಳತ್ವ ವಹಿಸಿದವರು ಆನ್ ಮಾರ್ಗನ್, ಎಲಿನರ್ ಬೆಲ್‌ಮಾಂಟ್ ಎಂಬ ಸಿರಿವಂತ ಮನೆತನದ ಮಹಿಳೆಯರು. ಸದಸ್ಯರಲ್ಲಿ ಬಹುಪಾಲು ಜನ ಅಂಗಡಿ, ಕಾರ್ಖಾನೆಗಳಲ್ಲಿ ಸಣ್ಣ ಸಂಬಳಕ್ಕೆ ದುಡಿಯುವ ಹೆಣ್ಣುಮಕ್ಕಳು.

ಅವರ ದೂರು ಬಹಳ ಸ್ಪಷ್ಟವಾಗಿತ್ತು. ಹಬ್ಬ ಬಂದರೆ ಮೇಲಿನವರಿಗೆ, ಮೇಸ್ತ್ರಿಗಳಿಗೆ ಗಿಫ್ಟ್ ಕೊಡಲು ಚಂದಾ ಎತ್ತುತ್ತಾರೆ. ಕೊಡದಿದ್ದರೆ ಕೆಲಸಕ್ಕೆ ಕುತ್ತು ಬರುವ ಭಯ. ವರ್ಷವಿಡೀ ಕೂಡಿಟ್ಟ ಪುಡಿಗಾಸು ಸಾಹೇಬರ ಮೇಜಿನ ಮೇಲಿನ ಒಂದು ಸಾಮಾನಾಗಿ ಹೋಗುತ್ತೆ. ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕೂಡ ಆ ಸಂಘ ಸೇರಿದರು. ಪ್ರೀತಿಯಿಂದ ಕೊಡುವುದಕ್ಕೆ ಈ ಸಂಘದವರ ವಿರೋಧ ಇರಲಿಲ್ಲ, ಬಲವಂತದ ಕೊಡುಗೆಗೆ ಇತ್ತು. ದುಡ್ಡಿದ್ದವರಿಗೆ ಇವೆರಡರ ನಡುವಿನ ಗೆರೆ ಕಾಣುವುದಿಲ್ಲ. ದಿನಗೂಲಿಯ ಮನೆಗೆ ಅದು ಚೆನ್ನಾಗಿ ಕಾಣುತ್ತೆ.

ನಮ್ಮಲ್ಲಿ ಇದಕ್ಕೆ ಮೊದಲೇ ಒಂದು ಹೆಸರಿತ್ತು: ಮುಯ್ಯಿ

ಕೊಟ್ಟದ್ದು ವಾಪಸ್ ಬರಬೇಕು ಎಂಬುದು ನಮಗೆ ಹೊಸದಲ್ಲ. ದಾವಣಗೆರೆ, ಹರಿಹರ ಸೀಮೆಯ ಯಾವುದೇ ಮದುವೆಗೆ ಹೋಗಿ. ವೇದಿಕೆಯ ಪಕ್ಕ ಒಂದು ಮೇಜು, ಮೇಜಿನ ಮೇಲೆ ಉದ್ದನೆಯ ನೋಟ್‌ಬುಕ್, ಅಕ್ಷರ ಚೆನ್ನಾಗಿರುವ ಸಂಬಂಧಿಕರೊಬ್ಬರು. ಹೆಸರು, ಊರು, ಮೊತ್ತ: 101, 501, 1,001. ಕೆಲವು ಕಡೆ ಮೈಕಿನಲ್ಲಿ ಓದಿ ಹೇಳುವುದೂ ಉಂಟು, ಅದಕ್ಕೇ 'ಮುಯ್ಯಿ ಓದಿಸೋದು' ಅನ್ನುತ್ತಾರೆ. ಮದುವೆ ಮುಗಿದ ಮೇಲೆ ಆ ಪುಸ್ತಕ ಬೀರು ಸೇರುತ್ತೆ. ಹತ್ತು ವರ್ಷದ ನಂತರ ಆ ಮನೆಯಿಂದ ಲಗ್ನಪತ್ರಿಕೆ ಬಂದಾಗ ಪುಸ್ತಕ ಹೊರಗೆ ಬರುತ್ತೆ. ಅವರು ಎಷ್ಟು ಹಾಕಿದ್ದರು? ನಾವು ಅದಕ್ಕೆ ಸ್ವಲ್ಪ ಮೇಲೆ ಹಾಕಬೇಕು.

ಹೊಲದ ಕೆಲಸದಲ್ಲೂ ಇದೇ ನಿಯಮ. 'ಮುಯ್ಯಾಳು' ಅಂದರೆ ಇವತ್ತು ನೀವು ನಮ್ಮ ಹೊಲಕ್ಕೆ ಬನ್ನಿ, ನಾಳೆ ನಾವು ನಿಮ್ಮ ಹೊಲಕ್ಕೆ ಬರುತ್ತೇವೆ. ಕೂಲಿ ಇಲ್ಲ, ಆದರೆ ಲೆಕ್ಕ ಇದೆ. ಫ್ರಾನ್ಸಿನ ಸಮಾಜವಿಜ್ಞಾನಿ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಹೇಳಿದ್ದೂ ಇದನ್ನೇ. ಕೊಡಬೇಕು, ಕೊಟ್ಟದ್ದನ್ನು ಪಡೆಯಬೇಕು, ಪಡೆದದ್ದನ್ನು ತೀರಿಸಬೇಕು. ಈ ಮೂರು ಕಟ್ಟುಪಾಡು ಇಲ್ಲದ ಉಡುಗೊರೆ ಸಮಾಜದಲ್ಲಿ ಅಪರೂಪ ಎಂಬುದು ಅವರ ವಾದ. ಅದನ್ನು ನಮ್ಮ ಭಾಷೆ 'ಮುಯ್ಯಿ' ಎಂಬ ಒಂದೇ ಪದದಲ್ಲಿ ಹಿಡಿದಿಟ್ಟಿದೆ. 'ಮುಯ್ಯಿಗೆ ಮುಯ್ಯಿ' ಅಂದರೆ ಸೇಡು ಅನ್ನುವ ಅರ್ಥವೂ ಬರುತ್ತೆ ಅನ್ನುವುದನ್ನು ಮರೆಯಬಾರದು.

ಮುಯ್ಯಿಯಲ್ಲಿ ತಾಪತ್ರಯ ಇಲ್ಲವೇ? ಇದೆ. ಮಾಡಲು ಮದುವೆಯೇ ಇಲ್ಲದ ಮನೆಗೆ ಕೊಟ್ಟದ್ದು ವಾಪಸ್ ಬರುವುದಿಲ್ಲ. ಬಡವರು ಕೈಗಡ ಮಾಡಿ ಮುಯ್ಯಿ ಹಾಕುತ್ತಾರೆ. ಅದಕ್ಕೇ ಎಷ್ಟೋ ಲಗ್ನಪತ್ರಿಕೆಗಳ ಕೆಳಗೆ 'ಆಶೀರ್ವಾದವೇ ಉಡುಗೊರೆ' ಅಂತ ಅಚ್ಚು ಹಾಕಿಸುತ್ತಾರೆ. ಆದರೂ ಮುಯ್ಯಿಗೆ ಒಂದು ಕೆಲಸ ಇತ್ತು. ಮದುವೆ ಎಂಬ ದೊಡ್ಡ ಖರ್ಚು ಬಂದ ದಿನವೇ ಆ ಮನೆಗೆ ಹತ್ತಾರು ಕಡೆಯಿಂದ ನಗದು ಬಂದು ಸೇರುತ್ತಿತ್ತು, ಅದೂ ಬಡ್ಡಿ ಇಲ್ಲದೆ. ಬ್ಯಾಂಕು ಹತ್ತಿರ ಇರದ ಕಾಲಕ್ಕೆ ಅದೇ ಬ್ಯಾಂಕು.

ಈಗ ಶಾಲೆಯ ಗಿಫ್ಟನ್ನು ಇದರ ಪಕ್ಕ ಇಟ್ಟು ನೋಡಿ. ಮುಯ್ಯಿ ಬರುವುದು ಒಂದು ಮನೆಗೆ ಗರಜು ಬಿದ್ದಾಗ, ಗಿಫ್ಟ್ ಬರುವುದು ಎಲ್ಲರಿಗೂ ಒಂದೇ ದಿನ. ಮುಯ್ಯಿ ನಗದಾಗಿ ಬರುತ್ತೆ, ಬೇಕಾದ್ದಕ್ಕೆ ಬಳಸಬಹುದು. ಗಿಫ್ಟ್ ಬರುವುದು ಎರಡು ದಿನಕ್ಕೆ ಮುರಿಯುವ ಆಟಿಕೆಯಾಗಿ, ಅಥವಾ ಮನೆಯಲ್ಲಿ ಮೊದಲೇ ನಾಲ್ಕಿರುವ ನೀರಿನ ಬಾಟಲಿಯಾಗಿ. ಮುಯ್ಯಿ ತಪ್ಪಿದರೆ ಹತ್ತು ವರ್ಷದ ಮೇಲೆ ಸರಿ ಮಾಡಬಹುದು. ಡಬ್ಬಿಯಿಂದ ತನಗೆ ಬಂದ ಗಿಫ್ಟ್ ಸಣ್ಣದು ಅಂತ ಮಗು ಅತ್ತದ್ದನ್ನು ಸರಿ ಮಾಡುವ ಪುಸ್ತಕ ಇಲ್ಲ. ಮುಯ್ಯಿಯ ಬಲವಂತ ಪೂರ್ತಿ ಉಳಿದಿದೆ, ಅದರಿಂದ ಆಗುತ್ತಿದ್ದ ಉಪಕಾರ ಮಾತ್ರ ಇಲ್ಲ.

ಕಾನೂನಿಗೂ ಗೊತ್ತಿರುವ ಗೆರೆ

ಸ್ವಇಚ್ಛೆಯ ಉಡುಗೊರೆಗೂ ಬಲವಂತದ ಉಡುಗೊರೆಗೂ ಇರುವ ಗೆರೆಯನ್ನು ನಮ್ಮ ಕಾನೂನು ಒಂದು ಕಡೆ ಬಹಳ ಚೆನ್ನಾಗಿ ಎಳೆದಿದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮದುವೆಯ ಉಡುಗೊರೆಯನ್ನು ಪೂರ್ತಿ ನಿಷೇಧಿಸುವುದಿಲ್ಲ. ಯಾರೂ ಕೇಳದೆ ಕೊಟ್ಟದ್ದಾದರೆ ನಡೆಯುತ್ತೆ, ಆದರೆ ಅದನ್ನು ಪಟ್ಟಿಯಲ್ಲಿ ಬರೆದಿಡಬೇಕು. 1985ರ ನಿಯಮಗಳ ಪ್ರಕಾರ ಆ ಪಟ್ಟಿಯಲ್ಲಿ ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಏನು ಸಂಬಂಧ ಎಂಬುದೆಲ್ಲ ಇರಬೇಕು. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ: ಹೆಣ್ಣಿನ ಕಡೆಯವರು ಕೊಡುವ ಉಡುಗೊರೆ ರೂಢಿಯದ್ದಾಗಿರಬೇಕು, ಅದರ ಬೆಲೆ ಕೊಡುವವರ ಆರ್ಥಿಕ ಸ್ಥಿತಿಗೆ ಮೀರಿರಬಾರದು.

'ವರೋಪಚಾರ' ಎಂಬ ಹೊಸ ಹೆಸರಿನಲ್ಲಿ ಈ ಕಾಯ್ದೆಗೆ ನಮ್ಮ ಸೀಮೆಯಲ್ಲಿ ಎಷ್ಟು ಮರ್ಯಾದೆ ಸಿಕ್ಕಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಎರಡು ಪ್ರಶ್ನೆಗಳನ್ನು ಅಲ್ಲಿಂದ ಎರವಲು ತರಬಹುದು. ಯಾರಾದರೂ ಕೇಳಿದ್ದರಿಂದ ಕೊಡುತ್ತಿದ್ದೇವಾ? ಕೊಡುವುದು ನಮ್ಮ ಕೈಗೆ ಮೀರಿದೆಯಾ? ಮಗಳ ಮದುವೆಗೆ ದುಡ್ಡಿಲ್ಲದವನ ಮನೆಗೆ ಚಿನ್ನ ಎಸೆದ ನಿಕೋಲಸ್‌ನ ಕತೆಯೂ ಶುರುವಾಗುವುದು ಈ ಎರಡನೇ ಪ್ರಶ್ನೆಯಿಂದಲೇ.

ದುಡ್ಡಿನ ಲೆಕ್ಕ

ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ 1993ರಲ್ಲಿ ಪ್ರಕಟಿಸಿದ ಒಂದು ಲೇಖನ ಇವತ್ತಿಗೂ ಪ್ರತಿ ಡಿಸೆಂಬರಿನಲ್ಲಿ ಚರ್ಚೆಗೆ ಬರುತ್ತೆ. ಅವರು ತಮ್ಮ ವಿದ್ಯಾರ್ಥಿಗಳನ್ನು ಕೇಳಿದ ಪ್ರಶ್ನೆ ಇದು: ನಿಮಗೆ ಬಂದ ಗಿಫ್ಟಿನ ಅಂಗಡಿ ಬೆಲೆ ಎಷ್ಟು, ಅದನ್ನು ನೀವೇ ಕೊಳ್ಳುವುದಾದರೆ ಎಷ್ಟು ಕೊಡುತ್ತಿದ್ದಿರಿ? ಉತ್ತರಗಳಿಂದ ಅವರು ಹಾಕಿದ ಅಂದಾಜು, ಗಿಫ್ಟಿನ ಬೆಲೆಯ ಹತ್ತನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗೆ ಯಾರಿಗೂ ಸಿಗದೆ ಸೋರಿ ಹೋಗುತ್ತೆ. ಇದನ್ನು ಒಪ್ಪದವರೂ ಇದ್ದಾರೆ. 1996ರಲ್ಲಿ ಸಾರಾ ಸೋಲ್ನಿಕ್, ಡೇವಿಡ್ ಹೆಮನ್‌ವೇ ನಡೆಸಿದ ಸಮೀಕ್ಷೆಯಲ್ಲಿ ಜನ ತಮಗೆ ಬಂದ ಗಿಫ್ಟಿಗೆ ಅಂಗಡಿ ಬೆಲೆಗಿಂತ ಹೆಚ್ಚೇ ಬೆಲೆ ಕಟ್ಟಿದರು. ಕೊಟ್ಟವರ ಮೇಲಿನ ಪ್ರೀತಿಯೂ ಆ ಬೆಲೆಯಲ್ಲಿ ಸೇರಿಕೊಳ್ಳುತ್ತಲ್ಲ.

ಎರಡೂ ಸರಿ ಇರಬಹುದು. ಅಜ್ಜಿ ಕೊಡಿಸಿದ ಫ್ರಾಕಿಗೆ ಬೆಲೆ ಕಟ್ಟಲಾಗದು. ಚೀಟಿಯಲ್ಲಿ ಬಂದ ಹೆಸರಿಗೆ, ಆ ಮಗುವಿಗೆ ಏನಿಷ್ಟ ಅಂತ ಗೊತ್ತಿಲ್ಲದೆ, ಪ್ಯಾಕ್ ಮಾಡಿಸಿದ್ದಕ್ಕೆ ಮಾತ್ರ ವಾಲ್ಡ್‌ಫೋಗೆಲ್ ಲೆಕ್ಕವೇ ಹೊಂದುತ್ತೆ. 40 ಮಕ್ಕಳ ಒಂದು ತರಗತಿ, ತಲಾ 200 ರೂಪಾಯಿ ಅಂತ ಇಟ್ಟುಕೊಳ್ಳಿ. ಒಟ್ಟು 8,000. ಆ ಅಂದಾಜಿನ ಪ್ರಕಾರ 800ರಿಂದ ಸುಮಾರು 2,700 ರೂಪಾಯಿ ವ್ಯರ್ಥ. ಮಿಕ್ಕದ್ದೂ ಯಾರನ್ನೂ ಶ್ರೀಮಂತರನ್ನಾಗಿ ಮಾಡುವುದಿಲ್ಲ. ಎಲ್ಲರೂ 200 ಕೊಟ್ಟು 200ರದ್ದು ಪಡೆದಿರುತ್ತಾರೆ, ಅಷ್ಟೇ.

ಇನ್ನು ಒಂದು ಮನೆಯ ಲೆಕ್ಕ. ಇದು ಉದಾಹರಣೆ ಮಾತ್ರ, ನಿಮ್ಮ ಮನೆಯ ಅಂಕಿ ನೀವೇ ಹಾಕಿಕೊಳ್ಳಬಹುದು. ಇಬ್ಬರು ಮಕ್ಕಳು. ಗಿಫ್ಟ್ ತಲಾ 200, ಸಾಂತಾ ಡ್ರೆಸ್ ತಲಾ 400, ಕೇಕಿನ ಚಂದಾ ತಲಾ 100, ಟೀಚರಿಗೆ ಗಿಫ್ಟ್ ಕೊಡಲು ಚಂದಾ ತಲಾ 100. ಒಟ್ಟು 1,600 ರೂಪಾಯಿ. 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂಪಾಯಿ ಇತ್ತು, ಆ ಲೆಕ್ಕದಲ್ಲಿ ಇದು ನಾಲ್ಕು ದಿನಕ್ಕೂ ಮೇಲ್ಪಟ್ಟ ದುಡಿಮೆ. ಗೃಹಲಕ್ಷ್ಮಿ ಯೋಜನೆಯಲ್ಲಿ ತಿಂಗಳಿಗೆ ಬರುವ 2,000 ರೂಪಾಯಿಯಲ್ಲಿ ಉಳಿಯುವುದು 400. ಡಾಕ್ಟರ ಮಗುವೂ, ಡಾಕ್ಟರ ಮನೆಯ ಕಾರು ಓಡಿಸುವವರ ಮಗುವೂ ಒಂದೇ ತರಗತಿಯಲ್ಲಿ ಕೂತಿದ್ದರೆ ಈ 1,600ರ ತೂಕ ಇಬ್ಬರಿಗೂ ಒಂದೇ ಅಲ್ಲ. ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಮಗಳನ್ನು ಕಾನ್ವೆಂಟಿಗೆ ಹಾಕಿದ ತಾಯಿ ಫೀಸನ್ನು ಲೆಕ್ಕ ಹಾಕಿಯೇ ಸೇರಿಸಿರುತ್ತಾಳೆ. ಫೀಸಿನ ರಸೀದಿಯಲ್ಲಿ ಇರದ ಈ ಖರ್ಚನ್ನು ಅವಳು ಲೆಕ್ಕ ಹಾಕಿರುವುದಿಲ್ಲ.

ದೊಡ್ಡ ಗಿಫ್ಟುಗಳ ಕತೆ ಬೇರೆ. ಫೋನು, ಟ್ಯಾಬು, ವಾಚು ಅಂತ ವರ್ಷದ ಕೊನೆಯ ಸೇಲ್‌ಗಳಲ್ಲಿ 'ನೋ ಕಾಸ್ಟ್ ಇಎಂಐ' ಬರುತ್ತೆ. ಕ್ರೆಡಿಟ್ ಕಾರ್ಡ್ ಕಂತಿನಲ್ಲಿ ಸೊನ್ನೆ ಬಡ್ಡಿ ಅನ್ನುವುದು ಇಲ್ಲವೇ ಇಲ್ಲ, ಬಡ್ಡಿಯನ್ನು ಬೇರೆ ಶುಲ್ಕದ ರೂಪದಲ್ಲಿ ಮರೆಮಾಡಿ ಸೇರಿಸುತ್ತಾರೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಚಾಕೊಲೇಟ್, ಕೇಕುಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಕೇಕು ಅಗ್ಗವಾದರೆ ಒಳ್ಳೆಯದೇ. ಆದರೆ 200 ರೂಪಾಯಿ ಗಿಫ್ಟ್ ಅಂತ ನಿಗದಿ ಮಾಡಿಬಿಟ್ಟರೆ ಪೋಷಕರು ಕೊಡುವುದು 200 ರೂಪಾಯಿಯೇ, ತೆರಿಗೆ ಎಷ್ಟೇ ಇಳಿದರೂ.

ಹರಿಹರದ ಕಡೆಯ ಕ್ರಿಸ್‌ಮಸ್

ಹಾಗಾದರೆ ಈ ಹಬ್ಬ ನಿಜಕ್ಕೂ ಯಾರದ್ದೋ ಅವರ ಮನೆಯಲ್ಲಿ ಹೇಗಿರುತ್ತೆ? ದಾವಣಗೆರೆ ಜಿಲ್ಲೆಯ ಕಥೋಲಿಕರು ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದವರು. ಹರಿಹರದ ಆರೋಗ್ಯ ಮಾತೆಯ ಬಸಿಲಿಕಾ ಈ ಸೀಮೆಯ ದೊಡ್ಡ ಯಾತ್ರಾಸ್ಥಳ. ಸೆಪ್ಟೆಂಬರ್ 8ರ ಮಾತೆಯ ಉತ್ಸವಕ್ಕೆ ಹಿಂದೂ, ಮುಸ್ಲಿಂ ಮನೆಗಳವರೂ ಹರಕೆ ಹೊತ್ತು ಬರುತ್ತಾರೆ. ಡಿಸೆಂಬರ್ 24ರ ರಾತ್ರಿ ಬಲಿಪೂಜೆ, ಚರ್ಚಿನ ಅಂಗಳದಲ್ಲಿ ಗೋದಲಿ, ಮನೆ ಮುಂದೆ ನಕ್ಷತ್ರದ ದೀಪ, ಬೆಳಗ್ಗೆ ಹೊಸ ಬಟ್ಟೆ. ಒಲೆ ಮೇಲೆ ಕರ್ಜಿಕಾಯಿ, ಚಕ್ಕುಲಿ, ಗುಲಾಬಿ ಹೂವಿನಂಥ ಅಚ್ಚಿನ ತಿಂಡಿ. ಕರಾವಳಿಯ ಮೂಲದ ಮನೆಗಳಾದರೆ ಇದೆಲ್ಲ ಸೇರಿ 'ಕುಸ್ವಾರ್'.

ಈ ತಿಂಡಿ ತಟ್ಟೆಯಲ್ಲಿ ತುಂಬಿ ಅಕ್ಕಪಕ್ಕದ ಮನೆಗಳಿಗೆ ಹೋಗುತ್ತೆ. ಸಂಕ್ರಾಂತಿಗೆ ಎಳ್ಳು-ಬೆಲ್ಲ, ರಂಜಾನಿಗೆ ಸುರಕುಂಬಾ ಬರುವ ಹಾಗೆಯೇ. ಇದು ಈ ಹಬ್ಬದ ನಿಜವಾದ ಉಡುಗೊರೆ ಪದ್ಧತಿ. ಇದಕ್ಕೆ ಚೀಟಿ ಎತ್ತಬೇಕಿಲ್ಲ, ಮಿತಿ ಹಾಕಬೇಕಿಲ್ಲ. ಬಡವರು ಎರಡು ಕರ್ಜಿಕಾಯಿ ಕೊಟ್ಟರೂ ತಟ್ಟೆ ತಟ್ಟೆಯೇ.

ಆದರೆ ಈಗ ಪೇಟೆಯ ಒತ್ತಡ ಮೊದಲು ತಟ್ಟುವುದು ಈ ಮನೆಗಳಿಗೇ. ಬೇರೆಯವರ ಮಕ್ಕಳು ಶಾಲೆಯಲ್ಲಿ ಒಂದು ದಿನ ಸಾಂತಾ ಟೋಪಿ ಹಾಕಿ ಮನೆಗೆ ಬರುತ್ತಾರೆ. ಹಬ್ಬ ಆಚರಿಸುವ ಮನೆಯ ಮಗು 'ನಮ್ಮ ಮನೆಗೆ ಯಾಕೆ ಸಾಂತಾ ಬರಲಿಲ್ಲ?' ಅಂತ ಕೇಳುತ್ತೆ. ಫ್ಯಾಕ್ಟರಿಯಲ್ಲೋ, ಆಸ್ಪತ್ರೆಯಲ್ಲೋ ದುಡಿಯುವ ತಂದೆ-ತಾಯಿ ಆ ಪ್ರಶ್ನೆಗೆ ಉತ್ತರ ಕೊಡಬೇಕು. ಈ ಬಗ್ಗೆ ಚರ್ಚ್ ಕೂಡ ಸುಮ್ಮನೆ ಕೂತಿಲ್ಲ. ಪೋಪ್ ಫ್ರಾನ್ಸಿಸ್ 2015ರ ತಮ್ಮ 'ಲೌದಾತೊ ಸೀ' ಪತ್ರದಲ್ಲಿ ಕೊಳ್ಳುಬಾಕತನವನ್ನು ಕಟುವಾಗಿ ಟೀಕಿಸಿದರು. 2018ರ ಕ್ರಿಸ್‌ಮಸ್ ರಾತ್ರಿಯ ಪ್ರವಚನದಲ್ಲೂ ಮನುಷ್ಯನ ತೀರದ ದುರಾಸೆಯ ಬಗ್ಗೆಯೇ ಮಾತಾಡಿದರು. ದನದ ಕೊಟ್ಟಿಗೆಯಲ್ಲಿ ಹುಟ್ಟಿದವನ ಹಬ್ಬದಲ್ಲಿ ಬಡವರ ಮಗು ತಲೆ ತಗ್ಗಿಸುವ ಹಾಗಾಗಬಾರದು ಎಂಬುದು ಕ್ರೈಸ್ತರದ್ದೇ ತಕರಾರು.

ಇದೇ ಮಾತನ್ನು ಶರಣರ ನೆಲದಲ್ಲಿ ಬೇರೆ ಥರ ಹೇಳಬೇಕಾದರೆ 'ದಾಸೋಹ' ಎಂಬ ಪದ ಸಾಕು. ಕೊಟ್ಟೆ ಎಂಬ ಹಮ್ಮು ಇರಬಾರದು, ಪಡೆದೆ ಎಂಬ ಕುಗ್ಗು ಇರಬಾರದು. ಮಠಗಳ ದಾಸೋಹದ ಪಂಕ್ತಿಯಲ್ಲಿ ಕೂತವರಿಗೆ ಮುಯ್ಯಿ ಪುಸ್ತಕ ತೋರಿಸುವುದಿಲ್ಲ.

ಹಾಗಾದರೆ ಏನು ಮಾಡೋದು?

ಹಬ್ಬ ಬಿಡಬೇಕಿಲ್ಲ. ಮಕ್ಕಳಿಗೆ ಬೇರೆ ಧರ್ಮದ ಹಬ್ಬದ ಪರಿಚಯ ಆಗುವುದು ಈ ಕಾಲಕ್ಕೆ ತೀರಾ ಬೇಕಾದದ್ದು. ದುಡ್ಡನ್ನು ಅದರಿಂದ ಬಿಡಿಸಿದರೆ ಸಾಕು.

ಶಾಲೆಗಳು ಮಾಡಬಹುದಾದ ಮೊದಲ ಕೆಲಸ, ಕೊಂಡು ತಂದ ಗಿಫ್ಟ್ ಬೇಡ ಅಂತ ಬಾಯಿಬಿಟ್ಟು ಹೇಳುವುದು. 'ಇಷ್ಟವಿದ್ದರೆ ತನ್ನಿ' ಅಂದರೆ ಸಾಲದು. ಗ್ರೂಪಿನಲ್ಲಿ ಇಷ್ಟವಿಲ್ಲ ಅಂತ ಯಾರೂ ಬರೆಯುವುದಿಲ್ಲ. ಮಗು ಕೈಯಾರೆ ಮಾಡಿದ ಕಾರ್ಡು, ಓದಿ ಮುಗಿಸಿದ ಕತೆ ಪುಸ್ತಕ, ಮನೆಯ ತಿಂಡಿ ಆಗಬಹುದು. ಬಟ್ಟೆ ಮನೆಯಲ್ಲಿ ಇದ್ದ ಬಣ್ಣದ್ದು ಸಾಕು. ಟೀಚರಿಗೆ ಗಿಫ್ಟ್ ಕೊಡಲು ಚಂದಾ ಎತ್ತುವುದನ್ನು ಶಾಲೆಯೇ ನಿಲ್ಲಿಸಬೇಕು. 1912ರಲ್ಲಿ ನ್ಯೂಯಾರ್ಕಿನ ಹೆಣ್ಣುಮಕ್ಕಳು ಕೇಳಿದ್ದು ಅಷ್ಟನ್ನೇ.

ಪೋಷಕರಲ್ಲಿ ಅನುಕೂಲ ಇದ್ದವರ ಮೇಲೆ ಹೆಚ್ಚು ಹೊಣೆ ಇದೆ. 'ನಮಗೆ ಆಗಲ್ಲ' ಅಂತ ಬಡವರು ಬರೆಯುವುದಕ್ಕೂ, 'ಇದು ಬೇಡ ಅಲ್ವಾ?' ಅಂತ ಡಾಕ್ಟರೋ, ಎಂಜಿನಿಯರೋ ಬರೆಯುವುದಕ್ಕೂ ವ್ಯತ್ಯಾಸ ಇದೆ. ಮೊದಲನೆಯದಕ್ಕೆ ಮರ್ಯಾದೆ ಹೋಗುತ್ತೆ, ಎರಡನೆಯದಕ್ಕೆ ಹೋಗೋದಿಲ್ಲ. ಮರ್ಯಾದೆ ಹೋಗದವರೇ ಮೊದಲು ಮಾತಾಡಬೇಕು.

ಆಫೀಸುಗಳಲ್ಲಿ ಚೀಟಿ ಎತ್ತುವ ಆಸೆ ಇದ್ದರೆ ನಿಕೋಲಸ್‌ನ ದಾರಿ ಹಿಡಿಯಬಹುದು. ಎಲ್ಲರೂ ಒಂದು ಡಬ್ಬಿಗೆ ಹಾಕಲಿ, ಎಷ್ಟು ಹಾಕಿದರು ಅಂತ ಯಾರಿಗೂ ಗೊತ್ತಾಗದಿರಲಿ, ಆ ದುಡ್ಡು ಅದೇ ಆಫೀಸಿನ ಕಸ ಗುಡಿಸುವವರ, ಸೆಕ್ಯುರಿಟಿಯವರ ಮನೆಗೆ ಹೋಗಲಿ. ಗುಟ್ಟು ಉಳಿಯುತ್ತೆ, ಚೀಟಿ ಎತ್ತುವ ಕೆಲಸವೂ ತಪ್ಪುತ್ತೆ.

ಕೊನೆಗೆ ನಮ್ಮ ಮನೆಗಳಲ್ಲಿ ಇನ್ನೂ ಇರುವ ಒಂದು ಸಣ್ಣ ರೂಢಿ. ಪಕ್ಕದ ಮನೆಯಿಂದ ತಿಂಡಿ ಬಂದ ಪಾತ್ರೆಯನ್ನು ಖಾಲಿ ಕೊಡಬಾರದು ಅಂತ ಅಜ್ಜಿಯಂದಿರು ಹೇಳುತ್ತಾರೆ. ತೊಳೆದು, ಒರೆಸಿ, ಒಂದು ಹಿಡಿ ಸಕ್ಕರೆ ಹಾಕಿ ಕೊಡುತ್ತಾರೆ. ಅದೂ ಮುಯ್ಯಿಯೇ. ಆದರೆ ಎಲ್ಲರ ಮನೆಯಲ್ಲೂ ಇರುವ ಸಕ್ಕರೆಯ ಮುಯ್ಯಿ, ಹಾಗಾಗಿ ಯಾರಿಗೂ ಭಾರವಾಗದು. ಈ ಡಿಸೆಂಬರಿನಲ್ಲಿ ಪೋಷಕರ ಗ್ರೂಪಿಗೆ ಆ ಮೆಸೇಜು ಬಂದಾಗ ಹೆಬ್ಬೆರಳು ಒತ್ತುವ ಮುಂಚೆ ಕೇಳಿಕೊಳ್ಳಬೇಕಾದ್ದು ಇಷ್ಟೇ: ಈ ತರಗತಿಯ ಎಲ್ಲ ಮನೆಗಳಲ್ಲೂ ಇರುವಂಥದ್ದನ್ನೇ ನಾವು ಕೇಳುತ್ತಿದ್ದೇವಾ?